ಹಕ್ಕಿ ಕೂರುವವರೆಗೆ

ಆರ್.ಟಿ. ನಗರದ ನಮ್ಮ ಅಡ್ಡರಸ್ತೆಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡಿರುವ ಯಾರ ಮನೆಗೆ ಹೋಗಿ ಸ್ವಿಚ್ ಒತ್ತಿದರೂ ಮೊದಲು ಕಾಣುವುದು ಒಂದು ಪಾರಿವಾಳ. ಮುಂಜಾವಿನ ಬೂದುಬಣ್ಣದ ಪರದೆಯ ಮೇಲೆ ಅದು ಸುತ್ತು ಹಾಕುತ್ತದೆ. ಯಂತ್ರ ಒಳಗೊಳಗೇ ಸಿದ್ಧವಾಗುವಷ್ಟು ಹೊತ್ತು ಹಾರುತ್ತಲೇ ಇರುತ್ತದೆ. ಸಿದ್ಧವಾದೊಡನೆ ರೆಕ್ಕೆಗಳನ್ನು ಮೇಲೆತ್ತಿ ಹಿಡಿದು, ಕಾಲು ಮುಂದೆ ಚಾಚಿ, ಶೀಟು ಹೊದಿಸಿದ ಒಂದು ಮಾಡಿನ ಮೇಲೆ ಇಳಿಯುತ್ತದೆ. ಶೀಟು ಗಾಳಿಗೆ ಹಾರದಂತೆ ಇಟ್ಟ ಹಳೆಯ ಟೈರೊಂದು ಅದರ ಪಕ್ಕದಲ್ಲಿದೆ. ಅಂಥ ಮಾಡು ನಮ್ಮ ರಸ್ತೆಯಲ್ಲಿ ಯಾವ ಮನೆಗೂ ಇಲ್ಲ. ಇದು ಯಾರ ಮನೆ ಎಂದು ಕೇಳಿದವರಿಗೆ, ಆ ಚಿತ್ರ ಬರೆದ ವಾಜಿದ್, "ಅವಳದೇ" ಎಂದಷ್ಟೇ ಹೇಳಿ ಮಾತು ಮುಗಿಸುತ್ತಾರೆ.

ವಾಜಿದ್ ಅವರ ಅಂಗಡಿ ಹಿಟ್ಟಿನ ಗಿರಣಿಯ ಪಕ್ಕದ ಮಳಿಗೆಯಲ್ಲಿದೆ. ದೊಡ್ಡ ಕಚೇರಿಗಳು ಬೇಡವೆಂದು ಹೊರಹಾಕಿದ ಕಂಪ್ಯೂಟರುಗಳನ್ನು ತಂದು, ಧೂಳು ಊದಿ, ಕೆಟ್ಟ ಭಾಗ ಬದಲಿಸಿ, ದರ್ಜಿಗಳಿಗೆ, ಟ್ಯೂಷನ್ ಹೇಳುವವರಿಗೆ, ಜೆರಾಕ್ಸ್ ಅಂಗಡಿಗಳಿಗೆ ಕೊಡುವುದು ಅವರ ವೃತ್ತಿ. ಗಿರಣಿಯ ಹಿಟ್ಟು ತೇಲಿ ಬಂದು ಅವರ ಹುಬ್ಬಿನ ಮೇಲೆ ಕೂರುವುದರಿಂದ ಬೆಳಿಗ್ಗೆ ಕಂಡ ಮನುಷ್ಯ ಸಂಜೆಯ ಹೊತ್ತಿಗೆ ಮುದುಕನಾಗಿರುತ್ತಾನೆ. ಮಾತು ಕಡಿಮೆ. ಆದರೆ ಧ್ವನಿ ದೊಡ್ಡದು. ಆ ಧ್ವನಿ ಬೆಳೆದದ್ದು ಮಾತಿನಿಂದಲ್ಲ, ಪಾರಿವಾಳಗಳನ್ನು ಕರೆದು ಕರೆದು.

ಅವರ ತಂದೆ ಯಶವಂತಪುರದ ಮಂಡಿಯಲ್ಲಿ ಧಾನ್ಯದ ಚೀಲ ತೂಗಿಸುವ ಕೆಲಸದಲ್ಲಿದ್ದರು. ನೆಲಕ್ಕೆ ಚೆಲ್ಲಿದ ಜೋಳವನ್ನು ಗುಡಿಸಿ ತರುವ ಅನುಮತಿ ಅವರಿಗಿತ್ತು. ಆ ಜೋಳಕ್ಕೆಂದೇ ಪಾರಿವಾಳ ಸಾಕಿದರೋ, ಪಾರಿವಾಳಕ್ಕೆಂದು ಜೋಳ ತಂದರೋ ಈಗ ಹೇಳುವವರಿಲ್ಲ. ನಮ್ಮ ಮನೆಯ ಎದುರಿಗಿದ್ದ ಅವರ ಮನೆಯ ತಾರಸಿಯ ಮೇಲೆ ಪ್ಯಾಕಿಂಗ್ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಗೂಡಿತ್ತು. ಸಂಜೆ ವಾಜಿದ್ ಅಂಗಡಿ ಬಿಟ್ಟು ಬಂದು, ಡಬ್ಬಿಯಲ್ಲಿ ಜೋಳ ಅಲ್ಲಾಡಿಸುತ್ತಾ "ಆವ್... ಆವ್..." ಎಂದು ಕರೆದರೆ, ನನ್ನ ಕಣ್ಣಿಗೆ ಕಾಣದಷ್ಟು ಎತ್ತರದಿಂದ ಹಕ್ಕಿಗಳು ಬಿಡಿಬಿಡಿಯಾಗಿ ಇಳಿಯುತ್ತಿದ್ದವು. ಎಲ್ಲಕ್ಕಿಂತ ಕೊನೆಗೆ ಇಳಿಯುತ್ತಿದ್ದುದು ನೂರಿ: ಬಿಳಿ ಮೈ, ಕಂದು ಕತ್ತು, ಒಂದು ಕಾಲಿನ ಮೇಲೆ ಮಾತ್ರ ಗರಿ. ಉಳಿದವೆಲ್ಲ ಕಾಳಿಗೆ ಮುಗಿಬಿದ್ದಿರುವಾಗ ಅವಳು ಇನ್ನೂ ಒಂದು ಸುತ್ತು ಹಾಕುತ್ತಿದ್ದಳು.

"ನಖರಾ ಸಾರ್ ಇವಳದು," ಎನ್ನುತ್ತಿದ್ದರು ವಾಜಿದ್, ಎದುರು ತಾರಸಿಯಿಂದ ನನಗೆ ಕೇಳುವಂತೆ. "ನಾನು ಬೇಡ್ಕೊಬೇಕು. ಆಗ್ಲೇ ಬರೋದು."

ಅಣ್ಣತಮ್ಮಂದಿರೆಲ್ಲ ಕೂಡಿ ಆ ಮನೆಯನ್ನು ಬಿಲ್ಡರೊಬ್ಬರಿಗೆ ಕೊಟ್ಟರು. ನಾಲ್ಕು ಮಹಡಿ ಏಳುವವರೆಗೆ ವಾಜಿದ್ ಮತ್ತು ಅವರ ಹೆಂಡತಿ ಮಲ್ಕಾ ಅಬ್ಬಿಗೆರೆಯಲ್ಲಿ ಬಾಡಿಗೆಗೆ ಹೋದರು. ಅಲ್ಲಿಯ ಮಾಲೀಕರು ಕುರಿ, ಕೋಳಿ, ಹಕ್ಕಿ ಯಾವುದೂ ಆಗದೆಂದು ಮೊದಲೇ ಹೇಳಿದ್ದರು. ಹೊಸ ಕಟ್ಟಡದ ತಾರಸಿಯೂ ಎಲ್ಲರಿಗೂ ಸೇರಿದ್ದು. ಅಲ್ಲಿ ಸೋಲಾರ್ ಬರುತ್ತದೆ, ಗೂಡು ಬರುವುದಿಲ್ಲ. ಹೀಗಾಗಿ ಹಕ್ಕಿಗಳು ಹೆಸರಘಟ್ಟದ ಅಶ್ವತ್ಥ್ ಅವರ ಪಾಲಾದವು. ಅಶ್ವತ್ಥ್‌ಗೆ ಅಲ್ಲಿ ಹಿಂಡಿ-ಬೂಸಾದ ಅಂಗಡಿ. ಬಿಲ್ಲಿಗೆ ವಾಜಿದ್ ಕೊಟ್ಟ ಕಂಪ್ಯೂಟರ್. ಅಂಗಡಿಯ ಹಿಂದೆಯೇ ಮನೆ, ಹಿತ್ತಿಲು, ತಾಯಿ ಲಕ್ಷ್ಮಿದೇವಮ್ಮ. ಹಕ್ಕಿಯ ಹುಚ್ಚು ಅಶ್ವತ್ಥ್‌ಗೂ ಇತ್ತು. ಗೂಡಿನ ಪೆಟ್ಟಿಗೆಗಳೆಲ್ಲ ಟೆಂಪೋ ಏರಿದವು, ನೂರಿಯ ಖಾನೆಯೊಂದನ್ನು ಬಿಟ್ಟು. ಅದನ್ನು ವಾಜಿದ್ ಅಂಗಡಿಯ ಅಟ್ಟದ ಮೇಲಿಟ್ಟುಕೊಂಡರು.

ಹಕ್ಕಿ ಕೈ ಬದಲಾದಾಗ ಪಾಲಿಸಬೇಕಾದ ನಿಯಮವನ್ನು ಅಶ್ವತ್ಥ್‌ಗೆ ಹೇಳಿಕೊಟ್ಟವರೂ ವಾಜಿದ್ದೇ. ರೆಕ್ಕೆಯ ಗರಿಗಳಿಗೆ ದಾರ ಸುತ್ತಿರಬೇಕು. ಹೊಸ ಗೂಡಿನಲ್ಲಿ ಜೊತೆ ಸೇರಿ ಮೊಟ್ಟೆ ಇಡುವವರೆಗೆ ಬಿಚ್ಚಬಾರದು. ಅಷ್ಟು ದಿನ ಹಳೆಯ ಯಜಮಾನ ಹಕ್ಕಿಯ ಕಣ್ಣಿಗೆ ಬೀಳಬಾರದು. ಅದಕ್ಕಿಂತ ಮುಖ್ಯವಾಗಿ, ಅವನ ಧ್ವನಿ ಅದರ ಕಿವಿಗೆ ಬೀಳಬಾರದು.

ಆ ಬೇಸಗೆಯಲ್ಲಿ ಅಶ್ವತ್ಥ್ ಅವರ ಕಂಪ್ಯೂಟರ್ ಕೆಟ್ಟಿತು. ವಾಜಿದ್ ಅದನ್ನು ಅಂಗಡಿಗೇ ತರಿಸಿಕೊಳ್ಳಬಹುದಿತ್ತು. ಸ್ಕೂಟರ್ ಹತ್ತಿ ತಾವೇ ಹೋದರು. ರಿಪೇರಿ ಮುಗಿಯಿತು, ಹಿತ್ತಿಲಿಗೆ ಕೈ ತೊಳೆಯಲು ಹೋದಾಗ ನೂರಿ ಶೀಟಿನ ಮೇಲೆ ಕೂತಿದ್ದಳು. ಗಂಡೊಂದು ಅವಳ ಹಿಂದೆ ಸುತ್ತುತ್ತಿತ್ತು. ಇನ್ನೇನು ಜೊತೆಯಾಯಿತೆಂಬ ಭರವಸೆಯಲ್ಲಿ ಅಶ್ವತ್ಥ್ ಹಿಂದಿನ ದಿನವಷ್ಟೇ ದಾರ ಬಿಚ್ಚಿದ್ದರು. ಅವಳು ವಾಜಿದ್ ಅವರನ್ನು ನೋಡಿ ಕತ್ತು ಓರೆ ಮಾಡಿದಳು.

"ಅಷ್ಟೇ ಸಾರ್," ಎಂದು ವಾಜಿದ್ ಆಮೇಲೆ ನನಗೆ ಹೇಳಿದರು. "ಬಾಯಿ ತಾನೇ ಕರೀತು. ನಾನಲ್ಲ."

ಒಂದೇ ಸಲ ಕರೆದದ್ದಂತೆ. ನೂರಿ ಇಳಿದು ಬಂದು ಅವರ ಕಾಲ ಬಳಿ ಓಡಾಡಿದಳು. ತಮ್ಮ ತಪ್ಪು ಅರಿವಾಗಿ ಅವರು ತಲೆ ತಗ್ಗಿಸಿ, ಬೇಗ ಬೇಗ ಸ್ಕೂಟರ್ ಹತ್ತಿದರು. ಅವರು ಕೆರೆಯ ತಿರುವು ದಾಟುವ ಹೊತ್ತಿಗೆ ನೂರಿ ಮೇಲೆದ್ದಿದ್ದಳು. ಅಶ್ವತ್ಥ್ ಫೋನಿನಲ್ಲಿ ಕೂಗಿದರು: "ವಾಜಿದಣ್ಣ, ಎದ್ಬುಟ್ಲು! ನಿಮ್ ಕಡೀಕೇ ಬತ್ತಾವ್ಳೆ!"

ಆ ಸಂಜೆ ನಾನು ನನ್ನ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಎದುರಿನ ಮನೆ ಇದ್ದ ಜಾಗದಲ್ಲಿ ಆಗ ಪಾಯದ ಗುಂಡಿ, ಕಬ್ಬಿಣದ ಸರಳುಗಳು, ಹಸಿರು ಪರದೆ. ಅದರ ಮೇಲೆ ಬಿಳಿಯ ಹಕ್ಕಿಯೊಂದು ಸುತ್ತುತ್ತಿತ್ತು. ಕತ್ತು ಕಂದು. ಕೆಳಗೆ ಬರುತ್ತಿತ್ತು, ತಾರಸಿ ಇರಬೇಕಾದ ಎತ್ತರಕ್ಕೆ ಬಂದೊಡನೆ ಇಳಿಯಲು ರೆಕ್ಕೆ ಎತ್ತುತ್ತಿತ್ತು, ಅಲ್ಲಿ ಏನೂ ಇಲ್ಲದ್ದನ್ನು ಕಂಡು ಮತ್ತೆ ಮೇಲೇರುತ್ತಿತ್ತು. ನಾನು ವಾಜಿದ್‌ಗೆ ಫೋನ್ ಮಾಡಿದೆ.

ಅವರು ಮೆಟ್ಟಿಲನ್ನು ಹಾರಿ ಹಾರಿ ಬಂದರು. ಕೈಯಲ್ಲಿ ಅದೇ ಜೋಳದ ಡಬ್ಬಿ. ನಮ್ಮ ನೀರಿನ ಟ್ಯಾಂಕಿನ ಪಕ್ಕ ನಿಂತು ಕರೆದರು. ಗುಂಡಿಯಲ್ಲಿದ್ದ ಕೆಲಸಗಾರರು ತಲೆಯೆತ್ತಿ ನೋಡಿದರು. ನೂರಿ ಧ್ವನಿ ಬಂದ ಕಡೆ ತಿರುಗಿ, ನಮ್ಮ ತಲೆಯ ಮೇಲೊಂದು ಸುತ್ತು ಬಂದು, ಮತ್ತೆ ಆ ಗುಂಡಿಯ ಮೇಲೆಯೇ ಹೋದಳು. ಧ್ವನಿ ಒಂದು ಕಡೆ, ಮನೆ ಇನ್ನೊಂದು ಕಡೆ. ಕತ್ತಲಾಗುವವರೆಗೆ ಕರೆದು ವಾಜಿದ್ ಅವರ ಗಂಟಲು ಒಡೆಯಿತು.

"ಅವಳಿಗೆ ನಾನ್ ಬೇಕಿಲ್ಲ ಸಾರ್," ಎಂದರು, ಡಬ್ಬಿಯ ಮುಚ್ಚಳ ಹಾಕುತ್ತಾ. "ಆ ಜಾಗ ಬೇಕು. ಅಲ್ಲಿ ನಾನೂ ಇರ್ಬೇಕು, ಗೂಡೂ ಇರ್ಬೇಕು. ಎಲ್ಲಿಂದ ತರ್ಲಿ?"

ಮರುದಿನವೂ ಅವಳು ಬಂದಿದ್ದಳು. ಆಮೇಲೆ ಬರಲಿಲ್ಲ. ಹೆಬ್ಬಾಳದ ಕೆರೆಯ ಕಡೆ ಗಿಡುಗಗಳಿವೆ ಎಂಬ ಮಾತನ್ನು ನಾವಿಬ್ಬರೂ ಆಡಲಿಲ್ಲ.

ಪರದೆಯ ಹಕ್ಕಿ ಹುಟ್ಟಿದ್ದು ಆ ದಿನಗಳಲ್ಲಿ. ನೆಪ ಬೇರೆಯದೇ ಇತ್ತು. ವಾಜಿದ್ ತಮ್ಮ ಯಂತ್ರಗಳಿಗೆ ದುಡ್ಡು ಕೊಡಬೇಕಿಲ್ಲದ ತಂತ್ರಾಂಶವನ್ನು ಹಾಕಿಕೊಡುತ್ತಿದ್ದರು. ಸ್ವಿಚ್ ಒತ್ತಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಸರಸರನೆ ಓಡುತ್ತಿದ್ದವು. ಗಿರಾಕಿಗಳು ಹೆದರಿ ಪ್ಲಗ್ ಕಿತ್ತುಬಿಡುತ್ತಿದ್ದರು. ನಾಲ್ಕು ಸಲ ಹಾಗೆ ಮಾಡಿದರೆ ಯಂತ್ರ ಮತ್ತೆ ಅಂಗಡಿಗೇ ಬರುತ್ತಿತ್ತು. ಹೀಗೆ ಪ್ಲಗ್ ಕೀಳುವವರಲ್ಲಿ ಮೊದಲಿಗರು ಮೂಲೆಯ ಜೆರಾಕ್ಸ್ ಅಂಗಡಿಯ ಭೀಮರಾಜ್.

"ಏನ್ ಗುರೂ, ನಿನ್ ಕಂಪ್ಯೂಟರು ಆನ್ ಮಾಡಿದ್ರೆ ನನ್ ಜಾತಕ ಓದುತ್ತೆ! ಅದೂ ಇಂಗ್ಲಿಷಲ್ಲಿ! ನಂಗೇನೋ ಕಂಟಕ ಇದೆ ಅಂತ ಕಾಣುತ್ತಪ್ಪ!"

"ಅದು ರೆಡಿ ಆಗ್ತಾ ಇರುತ್ತೆ ಕಣೋ. ಸ್ವಲ್ಪ ತಾಳ್ಕೋ."

"ಎಷ್ಟ್ ತಾಳ್ಲಿ? ಅದು ಹೇಳ್ಬೇಕಲ್ಲ, 'ಈಗ ತಾಳು ಭೀಮ, ಈಗ ಸಾಕು ಭೀಮ' ಅಂತ?"

ಮಾತು ನ್ಯಾಯವಾಗಿತ್ತು. ಅಕ್ಷರಗಳನ್ನು ಮರೆಮಾಡಿ ಅವುಗಳ ಜಾಗದಲ್ಲಿ ಒಂದು ಚಲಿಸುವ ಚಿತ್ರ ಇಡಬಹುದೆಂದು ವಾಜಿದ್ ತಿಳಿದುಕೊಂಡರು. ಉಪಾಯ ಸರಳ. ಒಂದು ಚಿತ್ರದಿಂದ ಇನ್ನೊಂದಕ್ಕೆ ಚೂರು ಚೂರೇ ಬದಲಾಗುವ ಹಲವು ಚಿತ್ರಗಳನ್ನು ಬರೆದು, ಸರದಿಯ ಅಂಕಿ ಕೊಟ್ಟು, ಒಂದು ಕಡೆ ಇಡಬೇಕು. ಯಂತ್ರ ಅವನ್ನು ಬೇಗ ಬೇಗ ತೋರಿಸುತ್ತದೆ. ಕಣ್ಣು ಅವನ್ನು ಕೂಡಿಸಿಕೊಳ್ಳುತ್ತದೆ. ಒಂದು ಗುಂಪು ಮತ್ತೆ ಮತ್ತೆ ಬರುವಂಥದ್ದು. ಇನ್ನೊಂದು ಗುಂಪು, ಎಲ್ಲ ಸಿದ್ಧವಾದ ಮೇಲೆ ಒಂದೇ ಸಲ ಬಂದು ಮುಗಿಯುವಂಥದ್ದು.

ಮಲ್ಕಾ ಅಂಗಡಿಯ ಹಿಂಬದಿಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಾರೆ. ಕಸೂತಿಯ ನಮೂನೆ ಎತ್ತಿಕೊಳ್ಳಲು ಅವರ ಬಳಿ ಬಟರ್ ಪೇಪರಿನ ಸುರುಳಿ ಇರುತ್ತದೆ. ಒಂದು ಹಾಳೆಯ ಮೇಲೆ ಇನ್ನೊಂದನ್ನಿಟ್ಟರೆ ಕೆಳಗಿನ ಗೆರೆ ಮಸುಕಾಗಿ ಕಾಣುತ್ತದೆ. ವಾಜಿದ್ ಆ ಸುರುಳಿಗೆ ಕೈ ಹಾಕಿದರು. ಕೆಳಗಿನ ಹಕ್ಕಿಯನ್ನು ನೋಡುತ್ತಾ ಮೇಲಿನ ಹಾಳೆಯಲ್ಲಿ ರೆಕ್ಕೆಯನ್ನು ಒಂದಿಷ್ಟು ತಗ್ಗಿಸುವುದು, ಅದರ ಮೇಲೆ ಇನ್ನೊಂದು ಹಾಳೆ, ಇನ್ನೊಂದಿಷ್ಟು. ಬರೆದದ್ದನ್ನು ಮೊಬೈಲಿನಲ್ಲಿ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಬಣ್ಣ ತುಂಬಿದರು. ಮೊದಲ ಸಲ ಓಡಿಸಿದಾಗ ನಾನೂ ಅಲ್ಲಿದ್ದೆ.

ಮಲ್ಕಾ ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಬಂದು ನೋಡಿದರು. ಸೂಜಿ ತೆಗೆದರು. "ಅಜೀ, ಇದು ಕಬೂತರ್ರಾ, ಬಿರಿಯಾನಿ ತಪ್ಪಿಸ್ಕೊಂಡು ಓಡ್ತಾ ಇರೋ ಕೋಳೀನಾ?"

"ನಿನ್ ಪೇಪರ್ ದಪ್ಪ. ಗೆರೆ ಸರಿಯಾಗಿ ಕಾಣಲ್ಲ."

"ನನ್ ಪೇಪರ್ ಮೇಲೆ ಯಾಕೆ ತಪ್ಪು ಹಾಕ್ತೀರಾ? ನಾನು ನವಿಲು ಬರೆದಾಗ ನವಿಲೇ ಬಂದಿತ್ತು. ಸಾರ್, ನೀವೇ ಹೇಳಿ."

ವಾಜಿದ್ ನಕ್ಕರು, ನೂರಿ ಹೋದ ಮೇಲೆ ಅವರು ನಕ್ಕದ್ದು ಆಗಲೇ. ರೆಕ್ಕೆ ಕೆಳಗೆ ಬರುವಾಗ ವೇಗ, ಮೇಲೆ ಹೋಗುವಾಗ ತಡ ಎಂಬುದನ್ನು ಅವರು ಮರೆತಿದ್ದರು. ತಿದ್ದಿದರು. ಆಮೇಲೆ ಕೋಳಿ ಪಾರಿವಾಳವಾಯಿತು. ಕತ್ತು ಕಂದಾದ ಮೇಲೆ, ಒಂದು ಕಾಲಿಗೆ ಮಾತ್ರ ಗರಿ ಬಂದ ಮೇಲೆ, ನೂರಿಯಾಯಿತು. ಮಲ್ಕಾ ಮತ್ತೊಮ್ಮೆ ಬಂದು ನಿಂತು ನೋಡಿದರು. ಈ ಸಲ ತಮಾಷೆ ಮಾಡಲಿಲ್ಲ. ಗಂಡನ ಹುಬ್ಬಿನ ಮೇಲಿನ ಹಿಟ್ಟನ್ನು ಸೆರಗಿನ ತುದಿಯಿಂದ ಒರೆಸಿ ಒಳಗೆ ಹೋದರು.

ಹಕ್ಕಿ ಹಾರುವಷ್ಟು ಹೊತ್ತು ಪ್ಲಗ್ ಮುಟ್ಟಬೇಡಿ ಎಂದು ಗಿರಾಕಿಗಳಿಗೆ ಹೇಳಿದ್ದಾಯಿತು. ಪ್ಲಗ್ ಕೀಳುವುದು ನಿಂತಿತು. ಆದರೆ ವಾರ ಕಳೆಯುವುದರೊಳಗೆ ಭೀಮರಾಜ್ ಮತ್ತೆ ಹಾಜರು.

"ಮಗಾ, ಹಾರ್ತಾ ಇದೆ ಹಾರ್ತಾ ಇದೆ, ಫಟ್ ಅಂತ ಮಾಯ! ಎಲ್ಲಿ ಹೋಯ್ತು? ನಮ್ಮನೆಯವಳು ಹೆದ್ರಿಕೊಂಡು ಕೂತವ್ಳೆ, ಸತ್ತೋಯ್ತು ಅಂತ. ಅದನ್ನ ಎಲ್ಲಾದ್ರೂ ಕೂರ್ಸಪ್ಪಾ!"

ಎರಡನೆಯ ಗುಂಪಿನ ಚಿತ್ರಗಳನ್ನು ವಾಜಿದ್ ಬರೆದೇ ಇರಲಿಲ್ಲ. ಯಂತ್ರ ಸಿದ್ಧವಾದ ಕ್ಷಣ ಹಕ್ಕಿ ಗಾಳಿಯ ನಡುವೆಯೇ ಇಲ್ಲವಾಗುತ್ತಿತ್ತು. ಭೀಮರಾಜ್ ಹೋದ ಮೇಲೆ ನಾನೂ ಕೇಳಿದೆ: ಇಳಿಯುವುದನ್ನು ಯಾಕೆ ಬರೆಯಲಿಲ್ಲ?

ಅವರು ಅಟ್ಟದ ಕಡೆ ನೋಡಿದರು. ನೂರಿಯ ಖಾನೆಯ ಬಾಗಿಲು ತೆರೆದೇ ಇತ್ತು. ಹೋದ ಹಕ್ಕಿಯ ಖಾನೆಗೆ ಇನ್ನೊಂದನ್ನು ಬಿಡುವುದಾಗಲಿ, ಬಾಗಿಲು ಹಾಕುವುದಾಗಲಿ ಅವರ ತಂದೆಯ ಕಾಲದಿಂದಲೂ ಆ ಮನೆಯಲ್ಲಿ ಇರಲಿಲ್ಲ.

"ಬಂದಿಲ್ವಲ್ಲ ಸಾರ್ ಅವಳು," ಎಂದರು. "ಬರದೇ ಇರೋಳನ್ನ ನಾನು ಬರೆದು ಕೂರ್ಸಿದ್ರೆ, ಇನ್ನು ಕಾಯಲ್ಲ ಅಂದಂಗೆ ಆಗಲ್ವಾ? ಅದೂ ಅಲ್ದೆ, ಎಲ್ಲಿ ಕೂರ್ಸ್ಲಿ? ನಮ್ ತಾರ್ಸಿ ನಂಗೆ ಇಟ್ಟಿಗೆ ಇಟ್ಟಿಗೆ ನೆನಪಿದೆ, ಬರೀತೀನಿ. ಆದ್ರೆ ಅಲ್ಲಿಗೆ ಬಂದು ಅವಳು ನೋಡಿದ್ದೇನು ಅಂತ ನೀವೂ ನೋಡಿದೀರಲ್ಲ."

ಹೀಗಾಗಿ ಮಳೆಗಾಲ ಹಿಡಿಯುವವರೆಗೂ ನಮ್ಮ ರಸ್ತೆಯ ಕಂಪ್ಯೂಟರುಗಳಲ್ಲಿ ಆ ಹಕ್ಕಿ ಇಳಿಯದೆ ಸುತ್ತಿತು. ಎದುರಿನ ಕಟ್ಟಡ ಎರಡನೆಯ ಮಹಡಿಗೆ ಬಂತು. ಹಳೆಯ ತಾರಸಿಯ ಎತ್ತರದಲ್ಲಿ ಈಗ ಒಂದು ಅಡುಗೆಮನೆಯ ಕಿಟಕಿಯ ಚೌಕಟ್ಟು. ವಾಜಿದ್ ಸಂಜೆಗಳಲ್ಲಿ ಯಾವುದೋ ಕೆಲಸ ಹೇಳಿಕೊಂಡು ನಮ್ಮ ತಾರಸಿಗೆ ಬರುತ್ತಿದ್ದರು. ಕರೆಯುತ್ತಿರಲಿಲ್ಲ, ಜೋಳದ ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡು ನಿಂತಿರುತ್ತಿದ್ದರು, ಅಷ್ಟೇ.

ಆಷಾಢದ ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ ಅಶ್ವತ್ಥ್ ಅವರ ಫೋನ್ ಬಂತು. ವಾಜಿದ್ ಕೈಗಳಿಗೆ ಗ್ರೀಸ್ ಮೆತ್ತಿದ್ದರಿಂದ ಸ್ಪೀಕರಿಗೆ ಹಾಕಿದರು. ಅಂಗಡಿಯಲ್ಲಿದ್ದ ನಾನೂ ಮಲ್ಕಾ ಅವರೂ ಕೇಳಿದೆವು.

"ವಾಜಿದಣ್ಣ, ಕೂತ್ಕೊಂಡಿದೀರಾ? ಕೂತ್ಕೊಳಿ. ನಿಮ್ ನೂರಿ ಇಲ್ಲೇ ಅವ್ಳೆ."

ವಾಜಿದ್ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟರು.

"ಬಂದು ಆಗ್ಲೇ ಬಾಳ ದಿನ ಆಯ್ತು ಕಣಣ್ಣ. ಸೊರಗೋಗಿದ್ಲು, ಬಾಲದ್ ಗರೀನೂ ಉದ್ರೋಗಿತ್ತು. ಉಳೀತಾಳೋ ಇಲ್ವೋ ಅಂತ ನಿಮಗ್ ಏಳ್ಲಿಲ್ಲ. ಈಗ ಅದೇ ಗಂಡಿನ್ ಜೊತೆ ಸೇರ್ಕೊಂಡು ಮೊಟ್ಟೆ ಇಟ್ಟವ್ಳೆ. ಕಾವಿಗ್ ಕೂತವ್ಳೆ. ನಮ್ಮವ್ವ ದೃಷ್ಟಿ ತೆಗ್ದವ್ಳೆ!"

ಮಲ್ಕಾ "ಅಲ್ಹಮ್ದುಲಿಲ್ಲಾ" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ವಾಜಿದ್ ಬಹಳ ಹೊತ್ತು ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿದರು.

"ಮನೆ ಮಾಡ್ಕೊಂಡ್ಳು," ಎಂದರು ಕೊನೆಗೆ. ಸಂತೋಷದ ಮಾತೇ ಅದು. ಆದರೂ ಆ ದಿನ ಅವರು ಅಂಗಡಿಯನ್ನು ಬೇಗ ಮುಚ್ಚಿದರು. ಮುಚ್ಚುವ ಮೊದಲು ಸ್ಟೂಲು ಹತ್ತಿ, ಅಟ್ಟದ ಮೇಲಿನ ಖಾನೆಯನ್ನು ಇಳಿಸಿ, ಒಳಗಿನ ಒಣಹುಲ್ಲನ್ನು ತೆಗೆದು, ಬಾಗಿಲು ಹಾಕಿದರು.

ಮರುದಿನ ಅಶ್ವತ್ಥ್ ಕಳುಹಿಸಿದ, ತಮ್ಮ ಹಿತ್ತಿಲ ಮಾಡಿನ ಒಂದು ಫೋಟೋವನ್ನು ಮುಂದಿಟ್ಟುಕೊಂಡು ಅವರು ಎರಡನೆಯ ಗುಂಪಿನ ಚಿತ್ರಗಳನ್ನು ಬರೆಯಲು ಕೂತರು. ಮಲ್ಕಾ ಕೇಳದೆಯೇ ಬಟರ್ ಪೇಪರ್ ಕತ್ತರಿಸಿ ಕೊಟ್ಟರು. ಶೀಟಿನ ಅಲೆಗಳು, ಹಳೆಯ ಟೈರು, ಹಿಂದೆ ಬೇವಿನ ಒಂದು ಟೊಂಗೆ. ಅದರ ಮೇಲೆ ಹಕ್ಕಿ ಇಳಿಯುವ ಬಗೆ: ಮೊದಲು ರೆಕ್ಕೆ ಬಡಿತ ನಿಲ್ಲುತ್ತದೆ, ಆಮೇಲೆ ಬಾಲ ಬಿಚ್ಚುತ್ತದೆ, ಕಾಲು ಮುಂದೆ ಬರುತ್ತದೆ, ಕೊನೆಗೆ ಇಡೀ ಮೈ ಒಂದು ಕ್ಷಣ ಗಾಳಿಯಲ್ಲಿ ನಿಂತಂತಾಗಿ ಭಾರವೆಲ್ಲ ಕಾಲಿಗೆ ಇಳಿಯುತ್ತದೆ. ಇದನ್ನು ಬರೆಯಲು ಅವರಿಗೆ ಯಾವ ಫೋಟೋವೂ ಬೇಕಿರಲಿಲ್ಲ. ಒಂದು ಹಾಳೆಯನ್ನೂ ಅವರು ಹರಿಯಲಿಲ್ಲ.

ಮೊದಲು ಹಾಕಬೇಕಾದದ್ದು ಅಶ್ವತ್ಥ್ ಅವರ ಯಂತ್ರಕ್ಕೆ. ಒಂದು ಭಾನುವಾರ ನನಗೂ ಹೆಸರಘಟ್ಟದ ಕಡೆ ಕೆಲಸವಿದ್ದುದರಿಂದ ಅವರ ಸ್ಕೂಟರಿನಲ್ಲಿ ಹಿಂದೆ ಕೂತೆ. ಅಬ್ಬಿಗೆರೆ ದಾಟಿ ಹುಲ್ಲುಗಾವಲು ಕಾಣಿಸತೊಡಗಿದಂತೆ ವೇಗ ತಗ್ಗಿಸಿದರು. ಊರಿನೊಳಗೆ ತಿರುಗುವಲ್ಲಿ ಎಂಜಿನ್ ಆರಿಸಿ ಇಳಿದರು.

"ಇಲ್ಲಿಂದ ತಳ್ಕೊಂಡ್ ಹೋಗೋಣ ಸಾರ್. ಈ ಗಾಡಿ ಸದ್ದು ಗೊತ್ತು ಅವಳಿಗೆ."

ನೂರಿ ಮೊಟ್ಟೆಯ ಮೇಲಿದ್ದಾಳೆ. ನಿಯಮದ ಪ್ರಕಾರ ಇನ್ನು ಭಯವಿಲ್ಲ. ನಾನು ಹಾಗೆಂದೆ. "ನಿಯಮ ನಂದೇ ಅಲ್ವಾ ಸಾರ್," ಎಂದರು. "ಮುರಿದವನೂ ನಾನೇ."

ಅಂಗಡಿಯಲ್ಲಿ ಅವರು ಹಿತ್ತಿಲಿಗೆ ಬೆನ್ನು ಮಾಡಿ ಕೂತರು. ಬೇಕಾದದ್ದನ್ನು ಅಶ್ವತ್ಥ್‌ಗೆ ಪಿಸುಮಾತಿನಲ್ಲಿ ಕೇಳಿದರು. ಆ ದೊಡ್ಡ ಧ್ವನಿ ಅಷ್ಟು ಸಣ್ಣದಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಲಕ್ಷ್ಮಿದೇವಮ್ಮನಿಗೆ ಕಳವಳವಾಯಿತು. "ಯಾಕ್ ಸಾಬ್ರೇ, ಇಂಗ್ಯಾಕೆ ಮಾತಾಡ್ತೀರಾ? ಗಂಟ್ಲು ಕಟ್ಕಂಡೈತಾ?"

ವಾಜಿದ್ ಹೌದೆಂಬಂತೆ ತಲೆಯಾಡಿಸಿದರು.

"ಸುಂಟಿ ಕಾಪಿ ಕಾಯಿಸ್ಕೊಡ್ತೀನಿ, ಬಿಸಿಬಿಸಿ ಕುಡೀರಿ. ಓದ್ ಸಲ ಬಂದಾಗ ಊರಿಗೆಲ್ಲ ಕೇಳೋ ಅಂಗೆ ಕೂಗಿದ್ರಲ್ಲ, ಅದ್ಕೇ ಇಂಗಾಗಿರೋದು!"

ಅಶ್ವತ್ಥ್ ನಗಲು ಹೋಗಿ, ವಾಜಿದ್ ಮುಖ ನೋಡಿದರು. ಎದ್ದು ಹೋಗಿ ಹಿತ್ತಿಲ ಬಾಗಿಲನ್ನು ಸದ್ದಾಗದಂತೆ ಅರ್ಧ ಮುಂದೆ ಮಾಡಿದರು. ಆ ಸಂದಿನಿಂದ ನನಗೆ ಶೀಟಿನ ಅಂಚು, ಅದರ ಕೆಳಗೆ ಕಟ್ಟಿದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದಿಷ್ಟು ಬಿಳುಪು ಕಾಣುತ್ತಿತ್ತು.

ಬೇಸಗೆಯ ರಿಪೇರಿಯಲ್ಲಿ ಯಂತ್ರಕ್ಕೆ ಹೊಸ ಡಿಸ್ಕ್ ಹಾಕಿದ್ದರಿಂದ ಅದು ತಟ್ಟನೆ ಸಿದ್ಧವಾಗಿಬಿಡುತ್ತಿತ್ತು. ಮೊದಲ ಸಲ ನೋಡಿದಾಗ ಹಕ್ಕಿಗೆ ಇಳಿಯಲು ಸಮಯ ಸಾಲಲಿಲ್ಲ. ವಾಜಿದ್ ಕೂತು ಯಂತ್ರಕ್ಕೆ ಆದೇಶವಾಗಿ ಇನ್ನೆರಡು ಸಾಲು ಬರೆದರು. ಎಲ್ಲ ಸಿದ್ಧವಾಗಿದ್ದರೂ, ಅವಳು ರೆಕ್ಕೆ ಮಡಿಸುವವರೆಗೆ ಯಂತ್ರ ಕಾಯಬೇಕು.

"ಬಿಲ್ ಮಾಡೋದು ಸ್ವಲ್ಪ ತಡ ಆಗುತ್ತೆ," ಎಂದರು ಅಶ್ವತ್ಥ್‌ಗೆ, ಪಿಸುಮಾತಿನಲ್ಲೇ. "ಪರ್ವಾಗಿಲ್ವಾ?"

"ಇಲ್ಲಿ ಬೂಸಾಕ್ಕೆ ಹಸುಗಳೇ ಕಾಯ್ತವೆ. ಗಿರಾಕಿನೂ ಕಾಯ್ಲಿ ಬಿಡಣ್ಣ."

ಸ್ವಿಚ್ ಒತ್ತಿದರು. ಬೂದು ಆಕಾಶದಲ್ಲಿ ಹಕ್ಕಿ ಒಂದು ಸುತ್ತು ಬಂತು. ಇನ್ನೊಂದು. ಕೆಳಗಿನಿಂದ ಮಾಡು ಮೂಡಿತು. ರೆಕ್ಕೆ ನಿಂತಿತು, ಬಾಲ ಬಿಚ್ಚಿತು, ಟೈರಿನ ಪಕ್ಕದಲ್ಲಿ ಕಾಲು ಊರಿತು. ಕಾಫಿಯ ಲೋಟ ಹಿಡಿದು ನಿಂತಿದ್ದ ಲಕ್ಷ್ಮಿದೇವಮ್ಮ, "ಅಯ್ಯೋ ಸಿವನೇ, ನಮ್ಮನೆ ಸೀಟು ಅಲ್ವೇನೋ ಅದು!" ಎಂದರು. ಹಿತ್ತಿಲಿನಿಂದ ಅದೇ ಹೊತ್ತಿಗೆ ಪಾರಿವಾಳದ ಗುಟುರು ಕೇಳಿತು. ಗಂಡಿನದೋ ಹೆಣ್ಣಿನದೋ ನನಗೆ ತಿಳಿಯಲಿಲ್ಲ. ವಾಜಿದ್‌ಗೆ ತಿಳಿಯಿತು. ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕೈ ಮಾತ್ರ ಮೇಜಿನ ಮೇಲೆ, ಜೋಳದ ಡಬ್ಬಿ ಹಿಡಿದಾಗ ಅಲ್ಲಾಡುವಂತೆ, ತುಸು ಅಲ್ಲಾಡಿತು.

ಹೊರಡುವಾಗ ಅವರು ಹಿತ್ತಿಲ ಕಡೆಗೆ ಹೋಗಲಿಲ್ಲ. ಸ್ಕೂಟರನ್ನು ತಳ್ಳುತ್ತಾ ಮುಂದೆ ನಡೆದರು. ಗುರುತು ಸಿಗದಂತೆ ತಲೆಗೆ ಕರ್ಚೀಫು ಸುತ್ತಿದ್ದರು. ಅಶ್ವತ್ಥ್‌ಗೆ ಒಂದು ಮಾತು ಹೇಳಿ ನಾನು ಹಿಂದೆಯೇ ಬಂದೆ. ಟಾರು ರಸ್ತೆ ಸೇರಿದೆವು. ಅಲ್ಲಿ ನಿಂತು ಅವರು ಗಂಟಲು ಸರಿಮಾಡಿಕೊಂಡರು.

"ಸಾರ್, ನೀವು ಕೊನೇಲಿ ಬಂದ್ರಲ್ಲ. ತಿರುಗಿ ನೋಡಿದ್ರಾ?"

"ನೋಡಿದೆ."

"ಕೂತಿದ್ಲಾ?"

"ಕೂತೇ ಇದ್ದಳು."

ಅವರು ತಲೆಯ ಕರ್ಚೀಫು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಸ್ಕೂಟರ್ ಚಾಲೂ ಮಾಡಿದರು.